ಸ್ಲೋ ಕುಕರ್‌ನಲ್ಲಿ ಇಡೀ ಕೋಳಿ, ಎದೆ ಮಾಂಸ ಒಣಗದ ಹಾಗೆ

ಸ್ಲೋ ಕುಕರ್ ಎಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ಅದರಲ್ಲಿ ಕೋಳಿ ಎಷ್ಟು ಹೊತ್ತು ಬೆಂದರೂ ಚೆನ್ನಾಗಿಯೇ ಇರುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ತೊಡೆಯ ಮಟ್ಟಿಗೆ ಆ ಮಾತು ಸರಿ. ಎದೆ ಮಾಂಸಕ್ಕೆ ಅದು ಹೊಂದುವುದಿಲ್ಲ. ತೊಡೆಯಲ್ಲಿ ಕೊಬ್ಬು, ನಾರು ಎರಡೂ ಜಾಸ್ತಿ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಅದು ಚೆನ್ನಾಗಿ ಮೆತ್ತಗಾಗುವುದು. ಎದೆ ಮಾಂಸ 74 ಡಿಗ್ರಿಗೆ ಬೆಂದು ತಯಾರು. ಅಲ್ಲಿಂದ ಮೇಲಕ್ಕೆ ಬಿಸಿ ಏರುತ್ತಾ ಹೋದರೆ, ಸುತ್ತ ಎಷ್ಟೇ ರಸ ಇರಲಿ, ತನ್ನೊಳಗಿನ ನೀರು ಬಿಟ್ಟು ಒಣಗುತ್ತದೆ. ನಾನು ಮಾಡುವ ಕ್ರಮವೆಲ್ಲ ಈ ಎದೆ ಮಾಂಸವನ್ನು ಉಳಿಸಿಕೊಳ್ಳಲಿಕ್ಕೇ ಇರುವುದು.

ಒಂದೂವರೆ ಕೆಜಿ ಆಸುಪಾಸಿನ ಕೋಳಿ ತೆಗೆದುಕೊಳ್ಳಿ. ಕುಕರ್‌ನ ಮುಚ್ಚಳ ಕೋಳಿಗೆ ತಾಗದೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಕೋಳಿ ದೊಡ್ಡದಾಯಿತು ಎಂದರ್ಥ. ಫ್ರೀಜರ್‌ನಿಂದ ತೆಗೆದದ್ದಾದರೆ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಒಂದು ದಿನ ಪೂರ್ತಿ ಇಟ್ಟು, ಒಳಗಿನ ಮಂಜೆಲ್ಲ ಕರಗಲಿಕ್ಕೆ ಬಿಡಿ. ಗಟ್ಟಿಯಾದ ಕೋಳಿಯನ್ನು ಹಾಗೇ ಕುಕರ್‌ಗೆ ಹಾಕಲೇಬೇಡಿ. ಈ ಕುಕರ್ ಬಿಸಿಯಾಗುವುದೇ ನಿಧಾನ. 4ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಹೆಪ್ಪುಗಟ್ಟಿದ ಕೋಳಿ ಅಲ್ಲೇ ಗಂಟೆಗಟ್ಟಲೆ ಕೂತುಬಿಡುತ್ತದೆ.

ಇನ್ನೊಂದು ಮಾತು, ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಂಕ್‌ಗೂ ಅಕ್ಕಪಕ್ಕದ ಪಾತ್ರೆಗಳಿಗೂ ಸಿಡಿಯುತ್ತವೆ ಅಷ್ಟೆ. ಹೊಟ್ಟೆಯೊಳಗೆ ಕತ್ತು, ಲಿವರ್ ಇರುವ ಸಣ್ಣ ಪೊಟ್ಟಣ ಇದ್ದರೆ ತೆಗೆಯಿರಿ. ಪೇಪರ್ ಟವೆಲ್‌ನಲ್ಲಿ ಒಳಗೂ ಹೊರಗೂ ಒತ್ತಿ ಒರೆಸಿ.

ಉಪ್ಪು ಹಿಂದಿನ ರಾತ್ರಿಯೇ ಹಚ್ಚಬೇಕು. ಈ ಅಡುಗೆಯಲ್ಲಿ ಅತಿ ಹೆಚ್ಚು ರುಚಿ ಕೊಡುವ ಕೆಲಸ ಇದೇ. ಒಂದೂವರೆ ಕೆಜಿಗೆ 3 ಟೀ ಚಮಚ ಪುಡಿ ಉಪ್ಪು ಸಾಕು. ಎದೆಯ ಮೇಲಿನ ಚರ್ಮದ ಕೆಳಗೆ ಬೆರಳು ತೂರಿಸಿ, ಚರ್ಮ ಹರಿಯದ ಹಾಗೆ ಸಡಿಲ ಮಾಡಿ, ಅಲ್ಲಿಗೂ ಸ್ವಲ್ಪ ಉಪ್ಪು ತಲುಪಿಸಿ. ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು ಉಪ್ಪು ಒಳಗೆ ಇಳಿದರೆ ಮಾಂಸ ಬೇಯುವಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಬೆಣ್ಣೆ ಹಚ್ಚಿ. ಬೇರೆ ಮಸಾಲೆ ಇಷ್ಟವಿದ್ದರೆ ಹಾಕಿ. ಅದರಲ್ಲಿ ಉಪ್ಪು ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಕುಕರ್‌ನ ತಳಕ್ಕೆ ದಪ್ಪಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಆಲೂಗೆಡ್ಡೆ ಹಾಸಿ. ಗಡ್ಡೆ ತರಕಾರಿ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತದೆ, ಅದಕ್ಕೆ ತಳವೇ ಸರಿಯಾದ ಜಾಗ. ಕೋಳಿ ತನ್ನ ರಸದಲ್ಲಿ ಮುಳುಗದೆ ಮೇಲೆ ನಿಲ್ಲುವುದೂ ಇದರಿಂದಲೇ. ನೀರು ಹಾಕಬೇಡಿ. ಒಂದು ಹನಿಯೂ ಬೇಡ. ಕೊನೆಗೆ ಮುಚ್ಚಳ ತೆಗೆದಾಗ ಒಂದು ಲೋಟಕ್ಕೂ ಜಾಸ್ತಿ ರಸ ತಾನಾಗಿಯೇ ನಿಂತಿರುತ್ತದೆ. ನೀರು ಹಾಕಿದರೆ ಸಿಗುವುದು ನೀರಲ್ಲಿ ಕುದಿಸಿದಂಥ ಕೋಳಿ ಮತ್ತು ತೆಳ್ಳನೆಯ ಸಾರು.

ಎದೆ ಮೇಲೆ ಬರುವ ಹಾಗೆ ಕೂರಿಸಿ. ಎದೆ ಕೆಳಗಿರಬೇಕು, ರಸ ಅದಕ್ಕೇ ಇಳಿಯಲಿ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬಿಸಿ ಬರುವುದು ತಳದಿಂದ, ಪಕ್ಕಗಳಿಂದ. ಹೆಚ್ಚು ಬಿಸಿ ಬೇಕಾದ ತೊಡೆ ಕೆಳಗಿರಲಿ, ಕಡಿಮೆ ಸಾಕಾಗುವ ಎದೆ ಹಬೆಯಲ್ಲಿ ಮೇಲಿರಲಿ. ಇದೇ ಕಾರಣಕ್ಕೆ ಕಾಲುಗಳನ್ನು ದಾರದಲ್ಲಿ ಕಟ್ಟುವುದೂ ಬೇಡ. ಬಿಡಿಯಾಗಿದ್ದರೆ ತೊಡೆಯ ಸಂದಿಗೆ ಬಿಸಿ ಚೆನ್ನಾಗಿ ತಾಗುತ್ತದೆ. ಹೊಟ್ಟೆಯೊಳಗೆ ಅರ್ಧ ನಿಂಬೆಹಣ್ಣು, ನಾಲ್ಕು ಎಸಳು ಬೆಳ್ಳುಳ್ಳಿ ಇಡಬಹುದು. ಬ್ರೆಡ್, ಅನ್ನ ಅಂತ ಗಿಡಿದು ತುಂಬಬೇಡಿ, ನಡುಭಾಗ ಬಿಸಿಯಾಗಲು ತುಂಬ ಹೊತ್ತು ಹಿಡಿಯುತ್ತದೆ.

ಮೊದಲ ಒಂದು ಗಂಟೆ ಹೈನಲ್ಲಿ ಇಡಿ, ಆಮೇಲೆ ಲೋಗೆ ತಿರುಗಿಸಿ. ಒಟ್ಟು 4ರಿಂದ 5 ಗಂಟೆ ಬೇಕಾಗಬಹುದು. ಒಂದೊಂದು ಕುಕರ್ ಒಂದೊಂದು ಥರ, ಹೊಸವು ಹಳೆಯವಕ್ಕಿಂತ ಬೇಗ ಕಾಯುವುದುಂಟು. ಹಾಗಾಗಿ ಗಡಿಯಾರವನ್ನು ನಂಬಿ ಕೂರಬೇಡಿ, ಮೂರೂವರೆ ಗಂಟೆಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಅದಕ್ಕೂ ಮೊದಲು ಸುಮ್ನೆ ಮುಚ್ಚಳ ಎತ್ತಬೇಡಿ. ಒಂದು ಸಲ ಎತ್ತಿದರೆ ಕಳೆದ ಬಿಸಿ ಮತ್ತೆ ಕೂಡಿಕೊಳ್ಳಲು ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಬೇಕು.

ಥರ್ಮಾಮೀಟರ್ ಎದೆಯ ದಪ್ಪ ಭಾಗಕ್ಕೆ ಒಮ್ಮೆ, ತೊಡೆಯ ಒಳಭಾಗಕ್ಕೆ ಒಮ್ಮೆ ಇಳಿಯಬೇಕು. ಮೂಳೆಗೆ ತಾಗಿದರೆ ಲೆಕ್ಕ ತಪ್ಪುತ್ತದೆ. ಎದೆಯಲ್ಲಿ 74 ಬಂದಿರಲೇಬೇಕು, ತೊಡೆ 80 ದಾಟಿದ್ದರೆ ಇನ್ನೂ ಒಳ್ಳೆಯದು. ಬಣ್ಣ ನೋಡಿ ತೀರ್ಮಾನಿಸಬೇಡಿ. ಚೆನ್ನಾಗಿ ಬೆಂದ ಕೋಳಿಯಲ್ಲೂ ಮೂಳೆಯ ಹತ್ತಿರ ಕೆಂಪು ಉಳಿಯುವುದುಂಟು.

ಬೆಂದ ಕೋಳಿ ಬಿಳಚಿಕೊಂಡಿರುತ್ತದೆ, ಚರ್ಮ ಮೆತ್ತಗಿರುತ್ತದೆ. ಹಬೆಯಲ್ಲಿ ಬೆಂದದ್ದು ಗರಿಗರಿಯಾಗುವುದು ಹೇಗೆ ಅಲ್ವಾ? ಓವನ್ ಇದ್ದರೆ ಟ್ರೇಗೆ ಎತ್ತಿ, ಚರ್ಮ ಒರೆಸಿ, ಗ್ರಿಲ್ ಕೆಳಗೆ 5ರಿಂದ 8 ನಿಮಿಷ ಇಡಿ. ಪಕ್ಕದಲ್ಲೇ ನಿಂತಿರಿ, ಬೇಗ ಕಪ್ಪಾಗುತ್ತದೆ. ಎತ್ತುವಾಗ ಎರಡು ಅಗಲದ ಸೌಟು ಬೇಕು, ಕಾಲು ಹಿಡಿದು ಎಳೆದರೆ ಕಾಲಷ್ಟೇ ಕೈಗೆ ಬರುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಕತ್ತರಿಸಿ. ಅಷ್ಟರಲ್ಲಿ ತಳದ ರಸವನ್ನು ಸೋಸಿ, ಮೇಲಿನ ಕೊಬ್ಬು ತೆಗೆದು, ಒಂದು ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕಲಸಿ ಹಾಕಿ ಒಲೆಯ ಮೇಲೆ ಕುದಿಸಿದರೆ ಗ್ರೇವಿ ಆಯಿತು. ಉಪ್ಪು ಹಾಕುವ ಮೊದಲು ರುಚಿ ನೋಡಿ.

ಉಳಿದ ಮಾಂಸವನ್ನು ಬಿಡಿಸಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರ್ನಾಲ್ಕು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ, ಸ್ಲೋ ಕುಕರ್‌ನಲ್ಲಿ ಅಲ್ಲ. ಮೂಳೆ ಎಸೆಯಬೇಡಿ. ಅದೇ ಪಾತ್ರೆಗೆ ವಾಪಸ್ ಹಾಕಿ, ಒಂದು ಈರುಳ್ಳಿ ಸೇರಿಸಿ, ಮುಳುಗುವಷ್ಟು ನೀರು ಬಿಟ್ಟು, ರಾತ್ರಿಯಿಡೀ ಲೋನಲ್ಲಿ ಬಿಡಿ. ಬೆಳಿಗ್ಗೆ ಒಳ್ಳೆಯ ಸ್ಟಾಕ್, ಅಂದರೆ ಮೂಳೆಯ ಸಾರು, ಸಿಗುತ್ತದೆ. ಪಾತ್ರೆ ಇನ್ನೂ ಬಿಸಿಯಿದ್ದರೆ ಬಿಸಿ ನೀರನ್ನೇ ಹಾಕಿ, ತಣ್ಣೀರು ಬಿದ್ದರೆ ಸೆರಾಮಿಕ್ ಬಿರುಕು ಬಿಡುತ್ತದೆ.