ಕರೆಂಟ್ ಹೋದಾಗ ನೀರು ಎಲ್ಲಿ ನಿಲ್ಲುತ್ತದೆ?

ನಮ್ಮ ಮನೆ ವಿಜಯನಗರದಲ್ಲಿ, ಮೊದಲ ಮಹಡಿ. ಹಾಲ್‌ನಲ್ಲಿ ನಾಲ್ಕು ಅಡಿಯ ಅಕ್ವೇರಿಯಂ ಇದೆ. 120 ಸೆಂ.ಮೀ. ಉದ್ದ, ಅಗಲ ಎತ್ತರ ಎರಡೂ 45. ಅಂಚಿನವರೆಗೆ ತುಂಬಿದರೆ ಸುಮಾರು 240 ಲೀಟರ್. ಏಂಜಲ್ ಮೀನುಗಳಿವೆ. ನೀರಿನ ಮೇಲೆ ಯಾವಾಗಲೂ ಹಾಲಿನ ಕೆನೆಯಂತೆ ಒಂದು ಪೊರೆ ಕಟ್ಟುತ್ತಿತ್ತು. ಒಳಗಿನ ಫಿಲ್ಟರ್ ಕೆಳಗಿನ ನೀರನ್ನು ಎಳೆಯುತ್ತದೆ, ಪೊರೆ ಹಾಗೇ ಉಳಿಯುತ್ತದೆ. ಮೇಲಿನ ನೀರು ತಾನಾಗಿ ತುಳುಕಿ ಸಂಪಿಗೆ ಇಳಿಯಬೇಕು, ಅಲ್ಲಿ ಸೋಸಿದ ಮೇಲೆ ಪಂಪ್ ಅದನ್ನು ವಾಪಸ್ ಕಳಿಸಬೇಕು. (ಸಂಪ್ ಅಂದರೆ ಮನೆ ಮುಂದೆ ಕಾವೇರಿ ನೀರು ತುಂಬಿಸುವ ಸಂಪ್ ಅಲ್ಲ. ಸ್ಟ್ಯಾಂಡ್ ಒಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿ.)

ಮೊದಲು ತಂದಿದ್ದು ಗಾಜಿನ ಅಂಚಿಗೆ ನೇತುಹಾಕುವ, ಯು ಆಕಾರದ ಕೊಳವೆಯ ಬಾಕ್ಸ್. ತೂತು ಕೊರೆಯುವ ಗೊಡವೆ ಇಲ್ಲ ಅಂತ ಖುಷಿಯಾಗಿತ್ತು. ಅದು ನಡೆಯುವುದು ಸೈಫನ್ ಮೇಲೆ, ಅಂದರೆ ನೀರು ತುಂಬಿದ ಕೊಳವೆ ಅಂಚು ಹತ್ತಿಸಿ ನೀರನ್ನು ತಾನಾಗಿ ಕೆಳಗೆ ಎಳೆಯುತ್ತದೆ. ಕೊಳವೆಯ ಬಾಗಿನಲ್ಲಿ ಗಾಳಿಗುಳ್ಳೆ ಸೇರುತ್ತಾ ಹೋದರೆ ಒಂದು ದಿನ ಸೈಫನ್ ತುಂಡಾಗುತ್ತದೆ. ಮೇ ತಿಂಗಳ ಒಂದು ಸಂಜೆ, ಮಳೆ ಬಂತು, ಕರೆಂಟ್ ಹೋಯಿತು. ಮತ್ತೆ ಬಂದಾಗ ಪಂಪ್ ಓಡಿತು, ಸೈಫನ್ ಓಡಲಿಲ್ಲ. ಸಂಪಿನ ನೀರೆಲ್ಲ ಮೇಲೆ ಬಂದು ನೆಲಕ್ಕೆ ಸುರಿಯಿತು. ಅಮ್ಮ ಒಬ್ಬರೇ ಮನೆಯಲ್ಲಿದ್ದರು, ಗೋಣಿಚೀಲ ಹಾಕಿ ನೀರು ತಡೆದಿದ್ದರು. ಅವತ್ತೇ ನಿರ್ಧರಿಸಿದೆ, ಗಾಜಿಗೆ ತೂತು ಕೊರೆದು ಹಿಂದೆ ಬಾಕ್ಸ್ ಕಟ್ಟುವುದು ಅಂತ.

ಮೊದಲು ತಿಳಿಯಬೇಕಿದ್ದದ್ದು ಗಾಜು ಟಫನ್ಡ್ (ಕಾಯಿಸಿ, ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಹೌದೋ ಅಲ್ಲವೋ ಅಂತ. ಟಫನ್ಡ್ ಗಾಜಿಗೆ ಡ್ರಿಲ್ ಇಟ್ಟರೆ ಇಡೀ ಹಾಳೆ ಪುಡಿಪುಡಿ. ಲ್ಯಾಪ್‌ಟಾಪಿನ ಬಿಳಿ ಪರದೆಯನ್ನು ಗಾಜಿನ ಹಿಂದೆ ಹಿಡಿದು, ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಇತ್ತಿಂದ ನೋಡಿದೆ. ಟಫನ್ಡ್ ಆಗಿದ್ದರೆ ಕಪ್ಪು ಮಚ್ಚೆ, ಪಟ್ಟೆ ಕಾಣುತ್ತವೆ. ನಮ್ಮದರಲ್ಲಿ ಏನೂ ಕಾಣಲಿಲ್ಲ.

ಮೀನುಗಳನ್ನು ಡ್ರಮ್‌ಗೆ ಬಿಟ್ಟು, ಟ್ಯಾಂಕ್ ಖಾಲಿ ಮಾಡಿದೆ. ಎಸ್‌ಪಿ ರಸ್ತೆಯಿಂದ 35 ಮಿ.ಮೀ. ಡೈಮಂಡ್ ಹೋಲ್ ಸಾ (ಗಾಜು ಕೊರೆಯುವ ದುಂಡು ಬಿಟ್) ತಂದೆ. ಹಿಂದಿನ ಗಾಜಿನಲ್ಲಿ, ಮೇಲಂಚಿನಿಂದ ಸಾಕಷ್ಟು ಕೆಳಗೆ, ಎರಡು ತೂತು. ಅಂಚಿಗೂ ತೂತಿಗೂ ನಡುವೆ ಕನಿಷ್ಠ ಒಂದು ತೂತಿನಷ್ಟು ಜಾಗ ಬಿಡಲೇಬೇಕು, ಇಲ್ಲದಿದ್ದರೆ ಸೀಳುತ್ತದೆ. ಜೇಡಿಮಣ್ಣಿನಿಂದ ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆ. ಡ್ರಿಲ್ ನಿಧಾನ, ಕೈಭಾರ ಹಾಕಬಾರದು, ಬಿಟ್ ತಾನೇ ತಿನ್ನಲಿ. 10 ಮಿ.ಮೀ. ಗಾಜಿಗೆ ಒಂದೊಂದು ತೂತೂ ಕಾಲು ಗಂಟೆ ಹಿಡಿಯಿತು. ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ ಇನ್ನೂ ಮೆತ್ತಗೆ. ಆತುರ ಮಾಡಿದರೆ ಆಚೆ ಬದಿ ಚಕ್ಕೆ ಏಳುತ್ತದೆ.

ಹೊರಗಿನ ಬಾಕ್ಸ್ 40 ಸೆಂ.ಮೀ. ಉದ್ದ, 15 ಅಗಲ, 15 ಎತ್ತರ, 8 ಮಿ.ಮೀ. ಗಾಜು. ತಳದ ತುಂಡಿಗೆ ಗಾಜಿನ ಅಂಗಡಿಯವರೇ ಎರಡು ತೂತು ಹಾಕಿಕೊಟ್ಟರು. ಟ್ಯಾಂಕಿನ ಹಿಂದಿನ ಗಾಜೇ ಬಾಕ್ಸಿನ ನಾಲ್ಕನೆಯ ಗೋಡೆ, ಹಾಗಾಗಿ ಆ ಗಾಜಿನಲ್ಲಿ ನಾನು ಕೊರೆದ ಎರಡು ತೂತಿಗೆ ಟ್ಯಾಂಕ್ ನಿಪ್ಪಲ್ (ತೂತಿಗೆ ಪೈಪ್ ಕೂಡಿಸುವ ಜೋಡಣೆ) ಬೇಕಾಗಲಿಲ್ಲ. ಟ್ಯಾಂಕಿನ ಒಳಗಡೆ, ಆ ತೂತುಗಳನ್ನು ಸುತ್ತುವರಿಯುವಂತೆ 40 ಸೆಂ.ಮೀ. ಉದ್ದದ ಸಣ್ಣ ಗಾಜಿನ ತೊಟ್ಟಿ ಅಂಟಿಸಿದೆ. ಅದರ ಅಂಚಿನ ಮೇಲೆ ನೀರು ತೆಳ್ಳಗೆ ಜಾರಿ, ತೂತುಗಳ ಮೂಲಕ ಹೊರಗಿನ ಬಾಕ್ಸಿಗೆ ಹೋಗುತ್ತದೆ. ಅಂಚು ಉದ್ದವಾದಷ್ಟೂ ಪದರ ತೆಳು, ಪೊರೆ ಪೂರ್ತಿ ಹೋಗುತ್ತದೆ. ಅಕ್ರಿಲಿಕ್ ಅಗ್ಗ, ಆದರೆ ಸಿಲಿಕೋನ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಗಾಜೇ ವಾಸಿ. ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ಮದ್ದು ಇರಬಾರದು, ಮೀನಿಗೆ ವಿಷ. ಒಂದು ವಾರ ಒಣಗಲು ಬಿಟ್ಟೆ.

ತಳದ ಎರಡು ತೂತಿಗೆ ಟ್ಯಾಂಕ್ ನಿಪ್ಪಲ್, ರಬ್ಬರ್ ವಾಷರ್ ನೀರಿರುವ ಬದಿಗೆ. ಒಂದು ಪೈಪಿಗೆ ಗೇಟ್ ವಾಲ್ವ್ ಹಾಕಿ, ಗಾಳಿ ಸೇರದೆ ಪೂರ್ತಿ ತುಂಬಿ ಹರಿಯುವಂತೆ ಮಾಡಿದೆ. ಆಗ ಗಳಗಳ ಸದ್ದೇ ಇಲ್ಲ. ಇನ್ನೊಂದರ ಬಾಯಿ ಬಾಕ್ಸಿನಲ್ಲಿ ಸ್ವಲ್ಪ ಎತ್ತರಕ್ಕಿದೆ. ಮೊದಲನೆಯದಕ್ಕೆ ಎಲೆ ಸಿಕ್ಕಿಕೊಂಡರೆ ನೀರು ಇದರಲ್ಲಿ ಇಳಿಯುತ್ತದೆ. ವಾಲ್ವ್ ಇರುವ ಪೈಪಿನ ತುದಿ ಸಂಪಿನ ನೀರಿನಲ್ಲಿ ಎರಡು ಸೆಂ.ಮೀ. ಮಾತ್ರ ಮುಳುಗಿರಬೇಕು. ಜಾಸ್ತಿ ಮುಳುಗಿದರೆ ಮತ್ತೆ ಶುರುವಾಗುವಾಗ ಒಳಗಿನ ಗಾಳಿ ಹೊರಬರಲು ಒದ್ದಾಡುತ್ತದೆ.

ಎಲ್ಲ ಚೆನ್ನಾಗಿ ಹರಿಯಿತು. ಆಮೇಲೆ ಪರೀಕ್ಷೆಗೆ ಪಂಪ್ ಆಫ್ ಮಾಡಿದೆ. ಓವರ್‌ಫ್ಲೋ (ನೀರು ತುಳುಕುವ ಅಂಚು) ಕಡೆಯಿಂದ ಒಂದು ಸೆಂ.ಮೀ. ಇಳಿದರೆ 5.4 ಲೀಟರ್, ಅಷ್ಟಕ್ಕೆ ಸಂಪಿನಲ್ಲಿ ಜಾಗ ಇತ್ತು. ಪಂಪಿನ ಪೈಪನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದರ ತುದಿ ನೀರಿನಲ್ಲಿ ಆರು ಸೆಂ.ಮೀ. ಮುಳುಗಿತ್ತು, ಪಂಪ್ ನಿಂತ ಕೂಡಲೇ ಅದೂ ಸೈಫನ್ ಆಯಿತು. ಆರು ಸೆಂ.ಮೀ. ಅಂದರೆ 32 ಲೀಟರ್! ಸಂಪಿನಲ್ಲಿ ಖಾಲಿ ಇದ್ದದ್ದು 15. ಪೈಪ್ ಮೇಲೆತ್ತಿದ ಮೇಲೆಯೇ ನಿಂತದ್ದು.

ತುದಿಯನ್ನು ಎರಡು ಸೆಂ.ಮೀ.ಗೆ ಏರಿಸಿದೆ. ನೀರಿನ ಮಟ್ಟಕ್ಕಿಂತ ಚೂರು ಕೆಳಗೆ ಪೈಪಿಗೆ 4 ಮಿ.ಮೀ. ತೂತು ಹಾಕಿದೆ. ಮಟ್ಟ ಇಳಿದೊಡನೆ ಅಲ್ಲಿಂದ ಗಾಳಿ ನುಗ್ಗಿ ಸೈಫನ್ ತುಂಡಾಗುತ್ತದೆ. ಹತ್ತು ಸಲ ಆಫ್ ಮಾಡಿ, ಆನ್ ಮಾಡಿ ನೋಡಿದೆ. ಪ್ರತಿ ಸಲವೂ ನೀರು ಸಂಪಿನಲ್ಲಿ ಒಂದೇ ಜಾಗದಲ್ಲಿ ನಿಂತಿತು. ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆದೆ, ಅಮ್ಮನಿಗೂ ತೋರಿಸಿದೆ.

ಆ ಸಣ್ಣ ತೂತಿಗೆ ಪಾಚಿ ಕಟ್ಟುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಊದುಬತ್ತಿ ಕಡ್ಡಿಯಿಂದ ಚುಚ್ಚಿ ನೋಡುತ್ತೇನೆ.