ಎಣಿಕೆಯ ಲೆಕ್ಕ: ಷರತ್ತಿರುವ ಸ್ಥಾನವನ್ನು ಮೊದಲು ತುಂಬಿ

ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು ಸಿಗುತ್ತದೆ. ಕ್ರಮಯೋಜನೆ (ಕ್ರಮ ಮುಖ್ಯವಾಗುವ ಜೋಡಣೆ) ಮತ್ತು ವಿಕಲ್ಪಗಳ (ಕ್ರಮ ಲೆಕ್ಕಕ್ಕೆ ಬಾರದ ಆಯ್ಕೆ) ಲೆಕ್ಕದಲ್ಲಿ ಈ ಸಮಯ ಗುಣಾಕಾರಕ್ಕಿಂತ ಯಾವ ಸೂತ್ರ ಹಾಕಬೇಕೆಂಬ ಗೊಂದಲಕ್ಕೇ ಖರ್ಚಾಗುವುದನ್ನು ಪಿಯುಸಿ ವಿದ್ಯಾರ್ಥಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲಿಗೆ, ಸ್ಥಾನ ಅದಲುಬದಲಾದರೆ ಉತ್ತರ ಬೇರೆಯಾಗುವುದೇ ಎಂದು ಕೇಳಿಕೊಳ್ಳಿ. ಹೌದಾದರೆ ಕ್ರಮಯೋಜನೆ, ಇಲ್ಲವಾದರೆ ವಿಕಲ್ಪ.

ಹೆಚ್ಚಿನವರು ಎಡವುವುದು ಎರಡನೆಯ ಹೆಜ್ಜೆಯಲ್ಲಿ. 0, 1, 2, 3, 4, 5 ಈ ಅಂಕಿಗಳಿಂದ, ಯಾವುದನ್ನೂ ಪುನರಾವರ್ತಿಸದೆ, ನಾಲ್ಕಂಕಿಯ ಎಷ್ಟು ಸಮಸಂಖ್ಯೆಗಳನ್ನು ರಚಿಸಬಹುದು? ಎಡದಿಂದ ತುಂಬುತ್ತಾ ಹೋದರೆ, ಬಿಡಿಸ್ಥಾನಕ್ಕೆ ಬರುವ ಹೊತ್ತಿಗೆ 0, 2, 4ರಲ್ಲಿ ಯಾವುವು ಉಳಿದಿವೆ ಎಂಬುದೇ ತಿಳಿಯದು. ಆದ್ದರಿಂದ ನಾಲ್ಕು ಗೆರೆ ಎಳೆದು, ಷರತ್ತಿರುವ ಬಿಡಿಸ್ಥಾನವನ್ನೇ ಮೊದಲು ತುಂಬಿ. ಸೊನ್ನೆ ಕೊನೆಯಲ್ಲಿ ಬರಬಹುದು, ಮೊದಲಿಗೆ ಬರಬಾರದು. ಹಾಗಾಗಿ ಲೆಕ್ಕವನ್ನು ಅಲ್ಲೇ ಎರಡಾಗಿ ಒಡೆಯಬೇಕು. ಬಿಡಿಸ್ಥಾನದಲ್ಲಿ 0 ಇದ್ದರೆ ಉಳಿದ ಮೂರು ಸ್ಥಾನಗಳಿಗೆ 5×4×3 = 60. ಅಲ್ಲಿ 2 ಅಥವಾ 4 ಇದ್ದರೆ, ಸಾವಿರದ ಸ್ಥಾನಕ್ಕೆ ಆ ಅಂಕಿಯನ್ನೂ ಸೊನ್ನೆಯನ್ನೂ ಬಿಟ್ಟು 4 ಆಯ್ಕೆಗಳು, ನೂರರ ಸ್ಥಾನಕ್ಕೆ ಸೊನ್ನೆ ಮರಳಿ ಸೇರುವುದರಿಂದ ಮತ್ತೆ 4, ಹತ್ತರ ಸ್ಥಾನಕ್ಕೆ 3; ಒಟ್ಟು 2×4×4×3 = 96. ಉತ್ತರ 156. ಸೊನ್ನೆಯನ್ನು ಪ್ರತ್ಯೇಕಿಸದೆ 3×4×4×3 = 144 ಎಂದು ಬರೆಯುವವರು ಬಹಳ ಮಂದಿ.

ಪ್ರತಿ ಮಾದರಿಗೂ ಒಂದು ಶಾರ್ಟ್‌ಕಟ್ ಸೂತ್ರ ಕೊಡುವ ಕಿರುಹೊತ್ತಿಗೆಗಳನ್ನು ಕೊಳ್ಳಬೇಡಿ. ಪ್ರಶ್ನೆಯ ಒಂದು ಷರತ್ತು ಬದಲಾದರೂ ಅವು ಕೈಕೊಡುತ್ತವೆ.

ಅಕ್ಕಪಕ್ಕ ಇರಲೇಬೇಕಾದವರನ್ನು ಒಂದೇ ಗುಂಪಾಗಿ ಎಣಿಸಿ, ಗುಂಪಿನೊಳಗಿನ ಜೋಡಣೆಗಳಿಂದ ಗುಣಿಸಿ. ಅಕ್ಷರಗಳು ಮರುಕಳಿಸಿದರೆ ಭಾಗಿಸಿ: ‘ಕರ್ನಾಟಕ’ವನ್ನು ಇಂಗ್ಲಿಷಿನಲ್ಲಿ ಬರೆದಾಗ ಸಿಗುವ 9 ಅಕ್ಷರಗಳಲ್ಲಿ ‘ಎ’ 4 ಸಲ, ‘ಕೆ’ 2 ಸಲ ಬರುವುದರಿಂದ 9!/(4!×2!) = 7,560 ಜೋಡಣೆಗಳು (9! ಎಂದರೆ 9ರಿಂದ 1ರವರೆಗಿನ ಸಂಖ್ಯೆಗಳ ಗುಣಲಬ್ಧ).

‘ಕನಿಷ್ಠ ಒಬ್ಬರು’ ಎಂದು ಕಂಡೊಡನೆ ಒಟ್ಟಿನಿಂದ ಕಳೆಯಿರಿ. 6 ಪುರುಷರು ಮತ್ತು 5 ಮಹಿಳೆಯರಿಂದ, ಕನಿಷ್ಠ ಒಬ್ಬ ಮಹಿಳೆ ಇರುವಂತೆ ನಾಲ್ವರ ಸಮಿತಿ ರಚಿಸಬೇಕೆಂದರೆ, ಒಟ್ಟು 330 ಸಮಿತಿಗಳಿಂದ ಪುರುಷರು ಮಾತ್ರ ಇರುವ 15ನ್ನು ಕಳೆದು 315. ಇದರ ಬದಲು ಮೊದಲು ಒಬ್ಬ ಮಹಿಳೆಯನ್ನು ಆರಿಸಿ, ಉಳಿದ 10 ಜನರಲ್ಲಿ ಮೂವರನ್ನು ತೆಗೆದುಕೊಂಡರೆ 5×120 = 600 ಬರುತ್ತದೆ; ಇಬ್ಬರು ಮಹಿಳೆಯರಿರುವ ಸಮಿತಿ ಅಲ್ಲಿ ಎರಡು ಸಲ, ಮೂವರಿರುವುದು ಮೂರು ಸಲ ಎಣಿಕೆಯಾಗಿರುತ್ತದೆ. ಷರತ್ತಿಲ್ಲದೆಯೇ ಒಟ್ಟು 330 ಇರುವಾಗ 600 ಸಾಧ್ಯವೇ ಇಲ್ಲ. ಉತ್ತರ ಗುರುತಿಸುವ ಮೊದಲು ಈ ಹೋಲಿಕೆಯನ್ನು ತಪ್ಪದೆ ಮಾಡಿ. ಅದಕ್ಕೆ ಕೆಲವೇ ಸೆಕೆಂಡು ಸಾಕು.