ಒಗರಿಗೆ ಹೆದರಬೇಡಿ: ಕಾಓರ್ ವೈನ್ ಸವಿಯುವ ಬಗೆ

ಫ್ರಾನ್ಸಿನಿಂದ ಬಂದ ಭಾವ ತಂದುಕೊಟ್ಟ ಕಾಓರ್ ಬಾಟಲಿಗೆ ನಮ್ಮ ಮನೆಯ ಊಟದಲ್ಲಿ ಆದ ಗತಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬೇಸಿಗೆಯ ಸಂಜೆ, ಬೆಚ್ಚಗಾಗಿದ್ದ ಬಾಟಲಿ, ತಟ್ಟೆಯಲ್ಲಿ ಚಿಲ್ಲಿ ಚಿಕನ್. ಒಬ್ಬರು ಗುಟುಕರಿಸಿ ಮುಖ ಕಿವುಚಿ ‘ಕೆಟ್ಟುಹೋಗಿದೆ’ ಎಂದರು. ಇನ್ನೊಬ್ಬರು ಸೋಡಾ ಬೆರೆಸಿಕೊಂಡರು. ವೈನ್ ಕೆಟ್ಟಿರಲಿಲ್ಲ. ಅವರಿಗೆ ಸಿಕ್ಕಿದ್ದು ಒಗರು.

ಕಾಓರ್ ಇರುವುದು ನೈಋತ್ಯ ಫ್ರಾನ್ಸಿನಲ್ಲಿ, ಲಾಟ್ ನದಿ ಸುತ್ತಿ ಬಳಸಿ ಹರಿಯುವ ಕಣಿವೆಯಲ್ಲಿ. ಅಲ್ಲಿನ ವೈನಿಗೆ ‘ಕಪ್ಪು ವೈನ್’ ಎಂದೇ ಹಳೆಯ ಹೆಸರು. 1956ರ ಚಳಿಗಾಲದ ಹಿಮ ಬಹುಪಾಲು ಬಳ್ಳಿಗಳನ್ನು ಕೊಂದಿತು. ಮತ್ತೆ ನೆಟ್ಟು ಬೆಳೆಸಿ, 1971ರಲ್ಲಿ ಊರಿನ ಹೆಸರಿಗೆ ಕಾನೂನಿನ ಮಾನ್ಯತೆ ಪಡೆದರು. ಕನಿಷ್ಠ ಶೇ 70ರಷ್ಟು ಮಾಲ್ಬೆಕ್ ದ್ರಾಕ್ಷಿ ಇರಲೇಬೇಕು. ಅರ್ಜೆಂಟೀನಾದ ಮಾಲ್ಬೆಕ್ ಕೊಂಡು ಅದೇ ಇದು ಎಂದುಕೊಳ್ಳಬೇಡಿ. ಅದು ಮೆತ್ತಗೆ, ಇದು ಬಿಗಿ.

ಮೊದಲು ಗಾಳಿ, ಆಮೇಲೆ ತಂಪು. ಈ ಕ್ರಮ ತಿರುವುಮುರುವಾದರೆ ತಂಪು ಮಾಡಿದ್ದೆಲ್ಲ ವ್ಯರ್ಥ. ಎಳೆಯ ಬಾಟಲಿಯನ್ನು ಊಟಕ್ಕೆ ಎರಡು ಗಂಟೆ ಮುಂಚೆ ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದಿಡಿ. ಕಾರ್ಕ್ ಮಾತ್ರ ತೆಗೆದಿಟ್ಟರೆ ಗಾಳಿ ಆಡುವುದು ಬಾಟಲಿಯ ಕತ್ತಿನಷ್ಟೇ ಜಾಗದಲ್ಲಿ. ಹೊತ್ತಿಲ್ಲವೆಂದರೆ ಕಾಫಿ ಆರಿಸುವಂತೆ ಎರಡು ಜಗ್ಗುಗಳ ನಡುವೆ ನಾಲ್ಕು ಸಲ ಎತ್ತಿ ಹೊಯ್ಯಿರಿ. ನೋಡುವವರು ನಕ್ಕರೂ ಕೆಲಸ ಆಗುತ್ತದೆ. ಬಾಟಲಿಯ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಗಳಿಗೆ ದುಡ್ಡು ಸುರಿಯಬೇಡಿ. ಹತ್ತು ವರ್ಷ ದಾಟಿದ ಬಾಟಲಿಯಾದರೆ ಈ ಆಟ ಬೇಡ: ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ತಳದ ಗಷ್ಟು ಕದಡದಂತೆ ನಿಧಾನವಾಗಿ ಬಗ್ಗಿಸಿ.

ಕೋಣೆಯ ಉಷ್ಣಾಂಶ ಸಾಕು ಎನ್ನುವ ಮಾತು ಚಳಿದೇಶದ ಕಲ್ಲಿನ ಮನೆಗಳದು. ಬೆಂಗಳೂರಿನ ಏಪ್ರಿಲ್ ತಿಂಗಳಿಗೆ ಅದು ಒಪ್ಪುವುದಿಲ್ಲ. ಬಡಿಸುವ ಮುನ್ನ ಜಗ್ಗನ್ನು ಹತ್ತು ನಿಮಿಷ ಐಸ್ ನೀರಿನಲ್ಲಿಡಿ. 16–17 ಡಿಗ್ರಿ ಇದ್ದರೆ ಸರಿ. ಲೋಟದೊಳಗೆ ಐಸ್ ಹಾಕುವವರಿಗೆ ನಾನು ಎರಡನೆಯ ಸಲ ಬಡಿಸುವುದಿಲ್ಲ.

ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಒಮ್ಮೆ ತಿರುಗಿಸಿ, ಮೂಸಿ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಣ್ಣ ಗುಟುಕು ತೆಗೆದುಕೊಳ್ಳಿ, ನುಂಗಬೇಡಿ. ಒಂದರಿಂದ ಐದರವರೆಗೆ ಎಣಿಸುತ್ತಾ ಬಾಯಿಯೆಲ್ಲಾ ಹೊರಳಾಡಿಸಿ, ಆಮೇಲೆ ನುಂಗಿ. ಈಗ ನಾಲಿಗೆಯನ್ನು ಮೇಲಿನ ಒಸಡಿಗೆ ಸವರಿ ನೋಡಿ. ನೇರಳೆ ಹಣ್ಣು ತಿಂದಾಗ ಆಗುವಂತೆ ನಾಲಿಗೆ ದಪ್ಪಗಾಗಿ, ಒಸಡು ಹಿಡಿದುಕೊಂಡಂತೆ ಆಗಿದೆಯೇ? ಅದೇ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನ ಕಸಿಯುತ್ತದೆ. ಇದು ಕಹಿಯೂ ಅಲ್ಲ, ಹುಳಿಯೂ ಅಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆಯೇ ಪದ ಇರುವಾಗ ಎಲ್ಲವನ್ನೂ ಕಹಿ ಎಂದು ತಳ್ಳಿಹಾಕುವುದೇಕೆ? ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ. ಒಂದು ತುತ್ತು ಕೊಬ್ಬಿನ ಮಾಂಸ ತಿಂದು, ಎರಡನೆಯ ಗುಟುಕು ಕುಡಿಯಿರಿ. ಹಿಡಿತ ಸಡಿಲಿ, ಹಿಂದೆ ಅಡಗಿದ್ದ ಕಪ್ಪು ಹಣ್ಣಿನ ರುಚಿ ಮುಂದೆ ಬರುತ್ತದೆ.

ನೇರಳೆಗೆ ಉಪ್ಪು ಹಚ್ಚಿ ತಿಂದವರಿಗೆ ಜೊತೆಯ ಊಟದ ಗುಟ್ಟು ಆಗಲೇ ಗೊತ್ತು. ಕಾಓರ್ ಸೀಮೆಯವರು ಬಾತುಕೋಳಿಯ ತೊಡೆಗೆ ಉಪ್ಪು ಸವರಿಟ್ಟು, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಆ ಕಾನ್ಫಿಗಿಂತ ಒಳ್ಳೆಯ ಜೋಡಿ ಇಲ್ಲ. ಬಿಳಿ ಬೀನ್ಸ್ ಕಾಳು, ಮಾಂಸ ಹಾಕಿದ ಕಸುಲೆ, ಸುಟ್ಟ ಕುರಿಮಾಂಸ ಕೂಡ ಸರಿ. ಆಡಿನ ಹಾಲಿನ ರೊಕಮದೂರ್ ಚೀಸ್ ಅದೇ ಸೀಮೆಯದಾದರೂ ನನಗೆ ಒಗ್ಗುವುದಿಲ್ಲ. ಗಟ್ಟಿ ಚೀಸೇ ಬೇಕು. ಸಸ್ಯಾಹಾರಿಗಳು ಅಣಬೆಯನ್ನು ಕಂದುಬಣ್ಣ ಬರುವವರೆಗೆ ಬೆಣ್ಣೆಯಲ್ಲಿ ಹುರಿದುಕೊಳ್ಳಲಿ. ಉಪ್ಪಿನಲ್ಲಿ ಜಿಪುಣತನ ಬೇಡ. ಮೀನು ಬೇಡ, ಬಾಯಿಗೆ ಲೋಹದ ರುಚಿ ಬರುತ್ತದೆ. ಹಸಿಮೆಣಸಿನ ಖಾರವಂತೂ ಬೇಡವೇ ಬೇಡ. ಆಲ್ಕೋಹಾಲ್ ಆ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ.

ಉಳಿದರೆ ಬಾಟಲಿಗೆ ಹಿಂದಿರುಗಿಸಿ, ಕಾರ್ಕ್ ಬಿಗಿದು ಫ್ರಿಜ್‌ನಲ್ಲಿಡಿ. ಮರುದಿನ ಇನ್ನೂ ಹದವಾಗಿರುವುದುಂಟು. ನಾಲ್ಕನೆಯ ದಿನಕ್ಕೆ ಕುರಿಮಾಂಸ ಬೇಯುವ ಪಾತ್ರೆಗೆ ಸುರಿದುಬಿಡಿ.